ಹನ್ನೊಂದು ಪತ್ರಿಕೆ, ಒಂದೇ ನಿಮಿಷ

ಹೊಸ ಟೀಚರ್ ಮಾಡಿದ ತಪ್ಪು ಒಂದೇ. ಹನ್ನೊಂದು ಹಳೆಯ ಪತ್ರಿಕೆಗಳಿದ್ದ ಚೀಲವನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಹಾಜರಿ ಹಾಕಲು ಹೋದರು.

ಶಾಲೆಗೆ ಸೇರಿ ಮೂರು ವರ್ಷವಾದರೂ ಕೆಲಸ ಕಾಯಂ ಆಗದ್ದರಿಂದ ಅವರಿನ್ನೂ ‘ಹೊಸ ಟೀಚರ್’. ಪತ್ರಿಕೆ ಹಿಡಿದು ಮಕ್ಕಳಿಗೆ ಲೇಖನ ಓದುವುದನ್ನೂ ಬರೆಯುವುದನ್ನೂ ಕಲಿಸುವ ಪಾಠ ಅವತ್ತು. ಮೂರು ಗಂಟೆಗೆ ಬರುವ ಇನ್‌ಸ್ಪೆಕ್ಟರ್ ಮೆಚ್ಚಿ, ಹೆಡ್ಮಾಸ್ಟರು ಸಹಿ ಹಾಕಿದರೆ ಕೆಲಸ ಕಾಯಂ.

ವಾಪಸು ಬಂದಾಗ ಚೀಲ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿತ್ತು.

“ಒಂದೇ ನಿಮಿಷ ಕಣಮ್ಮ,” ಅಂದರು ಹೊಲಿಗೆ ಟೀಚರ್, ಕತ್ತರಿ ಹುಡುಕುತ್ತ. “ಈ ಕಸೂತಿ ನೋಡಿ ಕೊಟ್ಬಿಡ್ತೀನಿ.”

“ಅಂಕಿಬಂಧ ಬಿಡಿಸಿ ಕೊಡ್ತೀನಿ,” ಅಂದರು ಗಣಿತದ ಮೇಷ್ಟ್ರು. “ನಮಗೇನು, ಒಂದು ನಿಮಿಷದ ಕೆಲಸ.”

ಹೆಡ್ಮಾಸ್ಟರು ದಪ್ಪದ್ದನ್ನೇ ಆರಿಸಿ ಬಗಲಿಗಿಟ್ಟುಕೊಂಡಿದ್ದರು.

“ಸರ್, ಅದು ಪಾಠಕ್ಕೆ...”

“ಪಾಠ ಎರಡಕ್ಕಲ್ವೇನಮ್ಮ? ಇನ್ನೂ ಹತ್ತೂವರೆ.”

ಎರಡಾದಾಗ ಯಾರೂ ಮುಟ್ಟದೆ ಉಳಿದದ್ದು ಜೇನುಸಾಕಣೆಯ ಒಂದು ಪತ್ರಿಕೆ. ಗಂಟಲಿಗೆ ಬಂದ ಬೈಗುಳವನ್ನು ಮಾತ್ರೆಯಂತೆ ನುಂಗಿಕೊಂಡು, ಟೀಚರ್ ತರಗತಿಯಲ್ಲಿ ಅದನ್ನೇ ಓದಿ ಹೇಳಿದರು.

“ನೋಡಿ, ಬರೆದವರು ಗೂಡಿನ ಪಕ್ಕ ಕೂತು, ಯಾವ ಹುಳ ಎಷ್ಟು ಹೊತ್ತಿಗೆ ಹೋಯ್ತು, ಏನು ತಂತು, ಅಷ್ಟೇ ಬರೆದಿದ್ದಾರೆ. ನೀವೂ ಹೊರಗೆ ಹೋಗಿ ಅರ್ಧ ಗಂಟೆ ನೋಡ್ಕೊಂಡು ಬನ್ನಿ. ಕಂಡದ್ದನ್ನ ಮಾತ್ರ ಬರೀರಿ. ಒಂದಕ್ಷರ ಕಲ್ಪನೆ ಬೇಡ.”

ಮಕ್ಕಳು ಹೋದರು. ಗೂಡು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು.

ಮೂರು ಗಂಟೆಗೆ ಹೆಡ್ಮಾಸ್ಟರ ಜೊತೆ ತರಗತಿಗೆ ಬಂದ ಇನ್‌ಸ್ಪೆಕ್ಟರ್ ಮೊದಲ ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

“‘ಎರಡು ಗಂಟೆ ಹನ್ನೆರಡು ನಿಮಿಷ. ಗಣಿತದ ಮೇಷ್ಟ್ರು ಕೊನೆಯ ಪುಟದಲ್ಲಿದ್ದ ಉತ್ತರ ನೋಡಿ ಅಂಕಿಬಂಧ ತುಂಬಿಸಿದರು. ಆಮೇಲೆ, ಅಬ್ಬಾ ಕಷ್ಟ ಇತ್ತು, ಎಂದರು.’”

ಎರಡನೆಯ ಹಾಳೆ. “‘ಹೆಡ್ಮಾಸ್ಟರು ಪತ್ರಿಕೆ ಹಿಡಿದು ಶೌಚಾಲಯದೊಳಗೆ ಹೋದರು. ಇಪ್ಪತ್ತೆರಡು ನಿಮಿಷವಾದ ಮೇಲೆ ಬರಿಗೈಯಲ್ಲಿ ಬಂದರು.’”

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. “ಇದು ನಿಜವೇನ್ರೀ?”

ಹೆಡ್ಮಾಸ್ಟರ ಮುಖ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. “ಛೇ, ಮಕ್ಕಳ ಕಲ್ಪನೆ ಸರ್. ಕತೆ ಬರೆಸಿದ್ದಾರೆ. ಅಲ್ವೇನಮ್ಮ?” ಎಂದು ಜೇಬಿನ ಪೆನ್ನನ್ನು ಮೆಲ್ಲಗೆ ಸವರಿದರು. ಸಹಿ ಹಾಕಬೇಕಾದ ಪೆನ್ನು.

ಹೊಸ ಟೀಚರ್ ಮಕ್ಕಳತ್ತ ನೋಡಿದರು. ನಲವತ್ತು ಜೊತೆ ಕಣ್ಣು. ಪೆನ್ನಿನತ್ತ ನೋಡಿದರು.

“ಹೌದು ಸರ್,” ಎಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ. “ಕತೆ.”

ಇನ್‌ಸ್ಪೆಕ್ಟರ್ ನಿಟ್ಟುಸಿರಿಟ್ಟು ವರದಿ ಬರೆದರು: ‘ಮಕ್ಕಳ ಕಲ್ಪನೆ ಅದ್ಭುತ. ಆದರೆ ಲೇಖನ ಕಲಿಸಬೇಕಾದವರು ಕತೆ ಕಲಿಸಿದ್ದಾರೆ. ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಇರಲಿ.’ ಹೆಡ್ಮಾಸ್ಟರು ಅದರ ಕೆಳಗೆ ಅಂದವಾಗಿ ಸಹಿ ಹಾಕಿದರು.

ಹೊರಡುವಾಗ ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಜೇನಿನ ಪತ್ರಿಕೆ ಎತ್ತಿಕೊಂಡರು. “ಒಂದೇ ನಿಮಿಷ ನೋಡಿ ಕಳಿಸ್ತೀನಿ ಮೇಡಂ.”

ಮೊದಲ ಬೆಂಚಿನ ಮೋಟುಜಡೆಯ ಹುಡುಗಿ ಗೋಡೆಯ ಗಡಿಯಾರ ನೋಡಿ, ಹೊಸ ಹಾಳೆಯಲ್ಲಿ ಬರೆಯತೊಡಗಿದಳು: ‘ಮೂರು ಗಂಟೆ ನಲವತ್ತು ನಿಮಿಷ...’