ನಾಳೆ ಟೈಲರ್ ಓಡಲು ಹೊರಟದ್ದು

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಕಳೆದ ಭಾನುವಾರ ಅಂತಲೇ ಇಟ್ಟುಕೊಳ್ಳಿ, ಒಬ್ಬ ದರ್ಜಿಯಿದ್ದ. ಏಳು ಸಮುದ್ರ ದಾಟಿ ಹೋಗಬೇಕಾದ ಊರಿನಲ್ಲೇನೂ ಅಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೂರು ಮಹಡಿಯ ಕಟ್ಟಡದ ತಳದಲ್ಲಿ ಅವನ ಅಂಗಡಿ. ಅಂಗಡಿಗೆ ಎರಡು ಬಾಗಿಲು. ಮುಂದಿನದರಿಂದ ಗಿರಾಕಿಗಳು ಒಳಗೆ ಬರುತ್ತಿದ್ದರು, ಹಿಂದಿನದರಿಂದ ದರ್ಜಿ ಹೊರಗೆ ಹೋಗುತ್ತಿದ್ದ.

ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಹೊಲಿದ ಅಂಗಿ ತೊಟ್ಟರೆ ಎಂಥ ಗೂನುಬೆನ್ನಿನವನೂ ರಾಜಕುಮಾರನಂತೆ ಕಾಣುತ್ತಿದ್ದ. ತೊಂದರೆಯೆಂದರೆ, ತೊಡುವ ಭಾಗ್ಯ ಸಿಗಬೇಕಲ್ಲ! “ಯಾವಾಗ ಕೊಡ್ತೀರಿ?” ಎಂದರೆ “ನಾಳೆ” ಎನ್ನುತ್ತಿದ್ದ. ಮರುದಿನ ಹೋದರೆ ಆಗಲೂ “ನಾಳೆ”. ಹೀಗೆ ಹೇಳಿ ಹೇಳಿ, ಹೆತ್ತವರಿಟ್ಟ ಹೆಸರು ಅಳಿಸಿಹೋಗಿ ಬೀದಿಗೆಲ್ಲ ಅವನು ನಾಳೆ ಟೈಲರ್ ಆಗಿಬಿಟ್ಟಿದ್ದ.

ಅವನಿಗೆ ಒಂಬತ್ತು ವರ್ಷದ ಮಗಳಿದ್ದಳು. ತೆಳ್ಳಗೆ, ಚೂಪಾಗಿದ್ದ ಅವಳನ್ನು ಅವನು ಗುಂಡುಸೂಜಿ ಎಂದು ಕರೆಯುತ್ತಿದ್ದ. ಹೋದ ವರ್ಷ ಶಾಲೆಯ ನಾಟಕಕ್ಕೆ ಅವಳಿಗೆ ಚಿಟ್ಟೆಯ ರೆಕ್ಕೆ ಹೊಲಿದುಕೊಡುವುದಾಗಿ ಹೇಳಿದ್ದ. ನಾಟಕದ ದಿನ ಒಂದೇ ರೆಕ್ಕೆ ಮುಗಿದಿತ್ತು. ಪಾಪ, ಒಂಟಿ ರೆಕ್ಕೆಯ ಚಿಟ್ಟೆ ವೇದಿಕೆಯ ಮೇಲೆ ಒಂದೇ ಕಡೆಗೆ ಗಿರಕಿ ಹೊಡೆದು, ಕೊನೆಗೆ ಪರದೆಗೆ ಸಿಕ್ಕಿಕೊಂಡು ಬಿದ್ದಿತ್ತು. ಮನೆಗೆ ಬಂದ ಮಗಳು ಅಳಲಿಲ್ಲ. “ಇನ್ನೊಂದು ನಾಳೆ ಅಲ್ವಾ ಅಪ್ಪ?” ಎಂದಷ್ಟೇ ಕೇಳಿ ಮಲಗಿದ್ದಳು. ದರ್ಜಿಗೆ ಆ ಮಾತು ಬಟ್ಟೆಯಲ್ಲಿ ಮರೆತ ಸೂಜಿಯಂತೆ ಆಗಾಗ ಚುಚ್ಚುತ್ತಿತ್ತು.

ಆ ಭಾನುವಾರಕ್ಕೆ ಹತ್ತು ದಿನ ಮುಂಚೆ ಅವಳೇ ಒಂದು ಹಳದಿ ಕಾಗದ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು. ಊರಾಚೆಯ ಥೀಮ್ ಪಾರ್ಕಿನಲ್ಲಿ ಅಡೆತಡೆ ಓಟವಂತೆ. ಕಾಗದದ ತುಂಬ ಚಿತ್ರ: ಟೈರುಗಳ ಸಾಲು, ನುಸುಳುವ ಬಲೆ, ಹತ್ತಿ ಇಳಿಯುವ ಗೋಡೆ, ಕೊನೆಗೊಂದು ಕೆಸರಿನ ಹೊಂಡ.

“ದೊಡ್ಡವರು ಒಬ್ರು ಇರ್ಲೇಬೇಕಂತೆ ಅಪ್ಪ. ಅಮ್ಮಂಗೆ ಆವತ್ತು ಡ್ಯೂಟಿ. ನೀನು ಬರ್ತೀಯಾ?”

ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡಿದ್ದ ದರ್ಜಿ “ಹೂಂ” ಎಂದು ಗುನುಗಿ, ತಲೆಯೆತ್ತದೆ ಸಹಿ ಹಾಕಿದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ನಾಳೆ ಟೈಲರ್ ಗೋಡೆ ಹಾರ್ತಾನಂತೆ! ಅವನಿಗೂ ಆ ಸುದ್ದಿ ತಿಳಿದದ್ದು ಬೀದಿಯವರಿಂದಲೇ. ಅಭ್ಯಾಸ ಶುರು ಮಾಡಬೇಕು ಎಂದುಕೊಂಡ. ಯಾವಾಗ? ಅದನ್ನು ಬೇರೆ ಹೇಳಬೇಕೆ! ಹಾಗೆ ಒಂಬತ್ತು ದಿನ ಕಳೆದವು.

ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಕಂಡಕ್ಟರ್ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೇರಿಸಿ ಹೊರಟಳು.

“ರೀ, ಮೂರು ಗಂಟೆ ಟ್ರಿಪ್ಪಿಗೆ ನನ್ನ ಬಸ್ಸೇ ಪಾರ್ಕ್ ಕಡೆ ಹೋಗೋದು. ನಿಲ್ದಾಣದಲ್ಲಿ ಇರ್ಬೇಕು.”

“ಇರ್ತೀನಿ ಮಾರಾಯ್ತಿ.”

“ಇವತ್ತೂ ಕೈ ಕೊಟ್ರೆ ಅವಳು ಜಗಳ ಆಡಲ್ಲ. ಇನ್ಮೇಲೆ ನಿಮ್ಮನ್ನ ಏನೂ ಕೇಳಲ್ಲ, ಅಷ್ಟೇ.”

ಅವಳು ಹೋದ ಮೇಲೆ ದರ್ಜಿ ಅಂಗಡಿಯ ಮುಂದೆ ನಿಂತು, ಬಗ್ಗಿ ಕಾಲ್ಬೆರಳು ಮುಟ್ಟಲು ನೋಡಿದ. ಬೆರಳುಗಳು ಬಹಳ ದೂರದಲ್ಲಿದ್ದವು, ಬೇರೆ ಯಾರದೋ ಬೆರಳುಗಳಂತೆ. ಸೊಂಟ ತುಕ್ಕು ಹಿಡಿದ ಕತ್ತರಿಯ ಹಾಗೆ ‘ಕರ್ರ್’ ಎಂದಿತು. ಅಷ್ಟರಲ್ಲಿ ಹಿಂದಿನಿಂದ ಸೀಟಿ ಕೇಳಿತು.

ಎದುರುಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಸೀಟಿ ಇನ್ನೂ ಸೇವೆಯಲ್ಲಿತ್ತು.

“ಏನಯ್ಯಾ, ಬಾಗಿಲಿಗೆ ಹಾಕಿದ ಬೀಗದ ಥರ ನೇತಾಡ್ತಿದೀಯ? ಇದಾ ವ್ಯಾಯಾಮ?”

“ಶುರು ಮಾಡ್ತಿದ್ದೆ ಸಾರ್.”

ಮೇಷ್ಟ್ರ ಕಣ್ಣು ಅವನ ಕಾಲಿನ ಮೇಲೆ ನಿಂತಿತು. ದರ್ಜಿ ತನಗೆಂದೇ ಓಟದ ಪ್ಯಾಂಟು ಹೊಲಿದುಕೊಂಡಿದ್ದ. ತೆವಳುವಾಗ ಪೆಟ್ಟಾಗದಿರಲೆಂದು ಎರಡೂ ಮಂಡಿಗೆ ಎರಡಂಗುಲ ದಪ್ಪದ ಸ್ಪಂಜು. ಹೊಲಿಗೆಯೇನೋ ಸೊಗಸಾಗಿತ್ತು, ನೋಡಿದವರಿಗೆ ಮಾತ್ರ ಅವನು ಎರಡು ದಿಂಬುಗಳನ್ನು ಕದ್ದು ಓಡುತ್ತಿರುವಂತೆ ಕಾಣುತ್ತಿತ್ತು.

“ಈ ಬೂದು ಬಟ್ಟೆ ನಾನು ಪ್ಯಾಂಟಿಗೆ ಕೊಟ್ಟಿದ್ದಲ್ವೇನಯ್ಯಾ?”

“ಮಿಕ್ಕಿದ ತುಂಡು ಸಾರ್.”

“ನನ್ನ ಪ್ಯಾಂಟು ಇನ್ನೂ ಕತ್ತರಿಸೇ ಇಲ್ಲ ಅಂದೆ. ಕತ್ತರಿಸೋಕೆ ಮುಂಚೆ ಮಿಕ್ಕಿದ್ದು ಹೇಗೆ?”

ದರ್ಜಿ ಮತ್ತೆ ಕಾಲ್ಬೆರಳಿನ ಕಡೆ ಬಗ್ಗಿದ. ಮೇಷ್ಟ್ರು ಉಸಿರೆಳೆದು ಸೀಟಿ ಊದಿದರು. “ಮೂರು ಮಹಡಿ ಹತ್ತು, ಇಳಿ. ಹತ್ತು ಸಲ! ಪಾಪು, ನೀನು ಲೆಕ್ಕ ಇಡಮ್ಮ.”

ಗುಂಡುಸೂಜಿ ಮೆಟ್ಟಿಲ ಬಳಿ ಕುಳಿತು ಬೆರಳು ಮಡಚತೊಡಗಿದಳು. ನಾಲ್ಕನೇ ಸಲ ಮೂರನೇ ಮಹಡಿ ಮುಟ್ಟುವಾಗ ದರ್ಜಿಯ ನಾಲಿಗೆ ಅಳತೆ ಟೇಪಿನಂತೆ ಹೊರಗೆ ಬಿದ್ದಿತ್ತು. ಅಲ್ಲಿಯ ಆಂಟಿ ಬಾಗಿಲಲ್ಲೇ ಕಾದಿದ್ದರು.

“ಬಾಪ್ಪಾ ಬಾ. ಬಲೆ ಕೆಳಗೆ ತೆವಳೋದು ಇದ್ಯಂತಲ್ಲ, ನಮ್ಮ ಮಂಚದ ಕೆಳಗೆ ತೆವಳು. ಅದಕ್ಕಿಂತ ಕಷ್ಟದ ಜಾಗ ಪಾರ್ಕಲ್ಲೂ ಸಿಗಲ್ಲ.”

ಮಂಚದ ಕೆಳಗೆ ಕತ್ತಲೆ, ದೂಳು, ಇನ್ನೂ ಒಂದಿಷ್ಟು ಸಂಸಾರ. ದರ್ಜಿ ಹೊಟ್ಟೆಯ ಮೇಲೆ ತೆವಳಿ ಆ ಕಡೆಯಿಂದ ತಲೆ ಹೊರಗೆ ಹಾಕಿದಾಗ ಆಂಟಿ ಬಗ್ಗಿ ನೋಡಿದರು.

“ಎಡಗಡೆ ಒಂದು ಚಪ್ಪಲಿ ಇರ್ಬೇಕು ನೋಡಪ್ಪಾ. ಹಾಗೇ ತಗೊಂಬಾ.”

ಎರಡನೇ ಸುತ್ತಿಗೆ ಒಂದು ಚಮಚ ಸಿಕ್ಕಿತು. ಮೂರನೆಯದಕ್ಕೆ, ಅವರ ಯಜಮಾನರು ಎರಡು ವರ್ಷದಿಂದ ಹುಡುಕುತ್ತಿದ್ದ ಕನ್ನಡಕ. ನಾಲ್ಕನೆಯದಕ್ಕೆ ಆಂಟಿ ಒದ್ದೆ ಬಟ್ಟೆ ಕೈಗಿಟ್ಟು, “ಹೇಗೂ ಹೋಗ್ತೀಯಲ್ಲ, ಒರೆಸ್ಕೊಂಡೇ ಹೋಗು” ಎಂದರು.

“ಆಂಟಿ, ಇದು ಅಭ್ಯಾಸನಾ, ಮನೆಗೆಲಸನಾ?”

“ನನ್ನ ಕಿಟಕಿ ಪರದೆ ತಗೊಂಡು ಹೋಗಿ ಐದು ತಿಂಗಳಾಯ್ತು. ಕಿಟಕಿಗೆ ಹಳೇ ಪೇಪರ್ ಅಂಟಿಸ್ಕೊಂಡು ಕೂತಿದೀನಿ. ಗಾಳಿ ಬಂದ್ರೆ ಹೋದ ವರ್ಷದ ಸುದ್ದಿಯೆಲ್ಲ ಪಟಪಟ ಅನ್ನುತ್ತೆ. ಅದು ಯಾವ ಅಭ್ಯಾಸ ಅಂತ ನೀನೇ ಹೇಳು.”

ದರ್ಜಿ ತೆಪ್ಪಗೆ ಒರೆಸಿದ.

ಹನ್ನೊಂದು ಗಂಟೆಗೆ ಟೈರಂಗಡಿಯವನು ಬೀದಿಯ ತುಂಬ ಟೈರು ಹಾಸಿ ಕರೆದ. ತಮ್ಮನ ಮದುವೆಗೆಂದು ಅವನು ಹೊಲಿಯಲು ಕೊಟ್ಟಿದ್ದ ಕೋಟು ಇನ್ನೂ ಬಂದಿರಲಿಲ್ಲ. ಈ ನಡುವೆ ಮದುವೆಯೂ ಆಗಿ, ತಮ್ಮನಿಗೆ ಹುಟ್ಟಿದ ಮಗು ಅಂಬೆಗಾಲಿಡುತ್ತಿತ್ತು.

“ಹಾರು ಗುರುವೇ! ಒಂದು ಕಾಲು ಇದ್ರಲ್ಲಿ, ಒಂದು ಕಾಲು ಅದ್ರಲ್ಲಿ. ನೋಡ್ಕೊಂಡು, ಮೂರನೇದು ಸ್ಕೂಟರ್ ಟೈರು.”

ಹೇಳುವಷ್ಟರಲ್ಲಿ ಮಂಡಿಯ ಸ್ಪಂಜು ಸ್ಕೂಟರ್ ಟೈರಿಗೆ ಕಚ್ಚಿಕೊಂಡಿತ್ತು. ದರ್ಜಿ ಒಂದು ಕಾಲಿಗೆ ಟೈರು ತೊಟ್ಟುಕೊಂಡೇ ಬೀದಿಯ ಕೊನೆಯವರೆಗೂ ಕುಂಟುತ್ತಾ ಹೋದ. ಮಕ್ಕಳು ಚಪ್ಪಾಳೆ ತಟ್ಟಿದವು. ಸಾಬೂನು ನೀರು ಸುರಿದು, ಮೇಷ್ಟ್ರು ಕಾಲು ಹಿಡಿದು, ಟೈರಂಗಡಿಯವನು ಟೈರು ಹಿಡಿದು ಎಳೆದಾಗ ‘ಪುಳಕ್’ ಎಂದು ಬಿಟ್ಟುಬಂತು.

“ಇನ್ನು ಗೋಡೆ ಒಂದೇ ಬಾಕಿ” ಎಂದರು ಮೇಷ್ಟ್ರು.

ಕಟ್ಟಡದ ಹಿಂದೆ ಎದೆಯೆತ್ತರದ ಕಾಂಪೌಂಡು. ಆಂಟಿಯೂ ಇಳಿದು ಬಂದರು, ಮೂವರೂ ಸೇರಿ ದರ್ಜಿಯನ್ನು ಅಕ್ಕಿಮೂಟೆಯಂತೆ ಅದರ ಮೇಲೆ ದಬ್ಬಿದರು. ಮೇಲೇರಿ ಕುಳಿತವನಿಗೆ ಜಗತ್ತು ಎಷ್ಟೊಂದು ದೊಡ್ಡದೆನಿಸಿತು! ಮೋಡಗಳು ಹತ್ತಿರ ಬಂದಂತಿದ್ದವು. ನೆಲ ಮಾತ್ರ ಎಲ್ಲೋ ಹೊರಟುಹೋಗಿತ್ತು.

“ಧುಮುಕಯ್ಯಾ!”

“ಕಣ್ಮುಚ್ಚಿ ಧುಮುಕಪ್ಪಾ!”

“ಕಣ್ಬಿಟ್ಟು ಗುರುವೇ! ಕೆಳಗೆ ಲಾರಿ ಟೈರ್ ಇಟ್ಟಿದೀನಿ, ಅದ್ರ ಮೇಲೇ ಬೀಳು!”

ದರ್ಜಿ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಬಿಟ್ಟು ಧುಮುಕಿದ. ಟೈರು ಬಲಕ್ಕಿತ್ತು. ಅವನು ಎಡಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಮಂಡಿಗೇನೂ ಆಗಲಿಲ್ಲ. ಸ್ಪಂಜು ಇರದ ಜಾಗವೇ ಕಲ್ಲಿಗೆ ಅಪ್ಪಳಿಸಿತ್ತು. “ಅಮ್ಮಾ!” ಎಂಬ ಕೂಗಿಗೆ ಮಹಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಮಧ್ಯಾಹ್ನ ದರ್ಜಿ ಅಂಗಡಿಯ ಮೇಜಿನ ಮೇಲೆ ಬೋರಲು ಮಲಗಿದ್ದ. ಆಂಟಿ ಕೊಟ್ಟ ನೋವಿನ ಮುಲಾಮು ಖಾಲಿಯಾಗಿತ್ತು. ಕೂರಲು ಹೋದರೆ ಕಣ್ಣಲ್ಲಿ ನಕ್ಷತ್ರ. ಮಗಳು ಹತ್ತಿರ ಬಂದು ನಿಂತಳು. ಕಾಲಿಗೆ ಆಗಲೇ ಹೊಸ ಬೂಟು ಹಾಕಿಕೊಂಡಿದ್ದಳು.

“ಗುಂಡೂ... ಈ ಓಟ ಮುಂದಿನ ತಿಂಗಳೂ ಇರತ್ತೇನೋ, ಅಲ್ವಾ?”

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. “ಸರಿ ಅಪ್ಪ” ಎಂದಳು. ನೆಲದ ಮೇಲೆ ಕುಳಿತು ಬೂಟಿನ ದಾರ ಬಿಚ್ಚತೊಡಗಿದಳು. ಒಂದು ಬೂಟು ಬಿಚ್ಚಿ, ಒಳಗಿನ ಕಾಗದ ಮತ್ತೆ ತುಂಬಿ, ಪೆಟ್ಟಿಗೆಯಲ್ಲಿಟ್ಟಳು. ಎಷ್ಟು ಓರಣವಾಗಿ ಇಟ್ಟಳೆಂದರೆ, ಇನ್ನು ಯಾವತ್ತೂ ಹೊರಗೆ ತೆಗೆಯುವುದಿಲ್ಲ ಎಂಬ ಹಾಗೆ.

ದರ್ಜಿ ಮೇಜಿನಿಂದ ಜಾರಿ ಇಳಿದ. “ಇನ್ನೊಂದು ಬಿಚ್ಚಬೇಡ. ನಡಿ, ಹೋಗೋಣ.”

ಬಸ್ಸಿನಲ್ಲಿ ಅವನು ಕಂಬ ಹಿಡಿದು ನಿಂತೇ ಇದ್ದ. ಡ್ರಿಲ್ ಮೇಷ್ಟ್ರು, ಆಂಟಿ, ಟೈರಂಗಡಿಯವನು ಮೂವರೂ ಹಿಂದಿನ ಸಾಲಿನಲ್ಲಿ ಸಂಭ್ರಮದಿಂದ ಕುಳಿತಿದ್ದರು.

“ಅರ್ಧ ಬಸ್ಸು ಖಾಲಿ ಇದೆ, ಕೂತ್ಕೊಳ್ಳಿ” ಎಂದಳು ಕಂಡಕ್ಟರ್ ಹೆಂಡತಿ.

“ಬೇಡ, ನಿಂತಿದ್ರೇ ಹಿತ.”

ಒಳಗೊಳಗೇ ಅವನಿಗೊಂದು ಸಮಾಧಾನವಿತ್ತು. ಓಡುವುದಕ್ಕೆ ಬೇಕಾದದ್ದು ಕಾಲು. ಗೋಡೆ ಹತ್ತಲು ಕೈ. ಕೆಸರಿನಲ್ಲಿ ಬೀಳಲು ಏನೂ ಬೇಡ. ನೋಯುತ್ತಿದ್ದ ಜಾಗಕ್ಕೆ ಇಡೀ ಓಟದಲ್ಲಿ ಎಲ್ಲೂ ಕೆಲಸವೇ ಇರಲಿಲ್ಲ.

ಪಾರ್ಕಿನ ಕೌಂಟರಿನಲ್ಲಿ ನೀಲಿ ಟೋಪಿಯ ಯುವತಿ ಗುಂಡುಸೂಜಿಯ ಎದೆಗೆ ನಲವತ್ತೊಂದು ಎಂಬ ನಂಬರು ಕಟ್ಟಿದಳು. ದರ್ಜಿ ತನ್ನ ಎದೆಯನ್ನೂ ಮುಂದೆ ಚಾಚಿದ.

“ನಿಮಗಿಲ್ಲ ಸರ್. ಇದು ಮಕ್ಕಳ ಓಟ.”

“ಮತ್ತೆ... ದೊಡ್ಡವರು ಒಬ್ರು ಇರ್ಬೇಕು ಅಂತ...”

“ಇರ್ಬೇಕು. ಅಗೋ, ಅಲ್ಲಿ.” ಅವಳು ತೋರಿಸಿದ ಕಡೆ ಕಬ್ಬಿಣದ ಕುರ್ಚಿಗಳ ಸಾಲಿತ್ತು. “ನಲವತ್ತೊಂದನೇ ಕುರ್ಚೀಲಿ ಕೂತಿರ್ಬೇಕು. ಓಟದ ಮಧ್ಯೆ ಮಗು ಹೆದರಿ ಅತ್ರೆ ಯಾರ ಹತ್ರ ಕರ್ಕೊಂಡು ಬರ್ಬೇಕು ಅಂತ ನಮಗೆ ಗೊತ್ತಿರ್ಬೇಕಲ್ಲ? ನೀವು ಎದ್ರೆ ನಾನು ಸೀಟಿ ಊದ್ತೀನಿ, ಮಗೂನ ಓಟದಿಂದ ಹೊರಗೆ ಕರೀತೀವಿ. ಮುಕ್ಕಾಲು ಗಂಟೆ ಅಷ್ಟೇ ಸರ್. ಕಾಗದದ ಹಿಂದ್ಗಡೆ ಎಲ್ಲ ಬರ್ದಿದೆ.”

ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮೈ ತಿರುಗಿಸಿ ನೋಡುವ ದರ್ಜಿ, ಕಾಗದದ ಹಿಂಬದಿ ನೋಡಿರಲಿಲ್ಲ. ಅವನ ಗುರುಗಳು ಮೂವರೂ ನೋಡಿರಲಿಲ್ಲ.

“ಗುಂಡೂ, ನಿಂಗಾದ್ರೂ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳೋದಲ್ವಾ!”

“ಬರೀ ಕೂರೋದು ಅಂದಿದ್ರೆ ‘ನೀನು ಹೋಗಿರು, ನಾನು ಆಮೇಲೆ ಬರ್ತೀನಿ’ ಅಂತಿದ್ದೆ. ನೀನು ಓಡ್ತೀಯ ಅಂತ ಎಲ್ರೂ ಅಂದ್ಕೊಂಡ್ರೆ, ಅವರೇ ನಿನ್ನ ಎಳ್ಕೊಂಡು ಬರ್ತಾರೆ ಅಂತ ಗೊತ್ತಿತ್ತು.” ಅವಳು ತಲೆ ತಗ್ಗಿಸಿದಳು. “ಗೋಡೆಯಿಂದ ಬೀಳ್ತೀಯ ಅಂತ ಗೊತ್ತಿರ್ಲಿಲ್ಲ ಅಪ್ಪ. ತುಂಬಾ ನೋಯ್ತಿದ್ರೆ ಬೇಡ ಬಿಡು.”

ದರ್ಜಿ ಕುರ್ಚಿಯ ಕಡೆ ನೋಡಿದ. ಕಬ್ಬಿಣದ ಪಟ್ಟಿಗಳು, ನಡುನಡುವೆ ಸಂದು. ಅಜ್ಜಿಕತೆಯ ರಾಜಕುಮಾರರು ಬೆಂಕಿಯ ಹೊಳೆ ದಾಟಿದ್ದರಂತೆ, ಹುಲಿಯ ಹಾಲು ತಂದಿದ್ದರಂತೆ. ಇಂಥ ಕುರ್ಚಿಯ ಮೇಲೆ ಮುಕ್ಕಾಲು ಗಂಟೆ ಕೂರಲು ಅವರಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ.

“ಹೋಗು, ಓಡು” ಎಂದು, ಕಣ್ಣುಮುಚ್ಚಿ, ಕುಳಿತ.

ಸೀಟಿ ಕೇಳಿತು. ಅರವತ್ತು ಮಕ್ಕಳು ಗುಬ್ಬಿಗಳ ಹಿಂಡಿನಂತೆ ನುಗ್ಗಿದವು. ಗುಂಡುಸೂಜಿ ಟೈರು ದಾಟಿದಳು, ತಿರುಗಿ ಕುರ್ಚಿ ನೋಡಿದಳು. ದರ್ಜಿ ಕೈ ಎತ್ತಿದ. ಬಲೆಯಿಂದ ನುಸುಳಿ ಬಂದು ಮತ್ತೆ ನೋಡಿದಳು. ಮತ್ತೆ ಕೈ ಎತ್ತಿದ. ನೋವು ತಾಳಲಾರದೆ ಒಂದಂಗುಲ ಎದ್ದದ್ದೇ ತಡ, ನೀಲಿ ಟೋಪಿಯವಳ ಸೀಟಿ ತುಟಿಗೆ ಹೋಯಿತು. ‘ಧಪ್’ ಎಂದು ಕುಳಿತ. ಕಣ್ಣಲ್ಲಿ ನೀರೇ ಬಂತು.

ಆಗ ಹಿಂದಿನಿಂದ ಮೇಷ್ಟ್ರ ದನಿ, ಬಲು ಮೆದುವಾಗಿ.

“ಏನಯ್ಯಾ, ಆರಾಮಾಗಿ ಕೂತಿದೀಯ.”

ಬಲಕ್ಕೆ ಆಂಟಿ ಬಂದು ನಿಂತರು. ಎಡಕ್ಕೆ ಟೈರಂಗಡಿಯವನು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಗಿರಾಕಿಗಳ ನಡುವೆ, ಹಿಂಬಾಗಿಲಿಲ್ಲದ ಜಾಗದಲ್ಲಿ ಸಿಕ್ಕಿಬಿದ್ದಿದ್ದ.

“ಇವನು ಏಳೋ ಹಾಗಿಲ್ವಲ್ಲ?” ಆಂಟಿ ನೀಲಿ ಟೋಪಿಯವಳನ್ನು ಕೇಳಿ ಖಚಿತ ಮಾಡಿಕೊಂಡರು. “ಹಾಗಾದ್ರೆ ಹೇಳಪ್ಪಾ, ನನ್ನ ಪರದೆ?”

“ನಾ...” ಎಂದ ದರ್ಜಿ.

“ಆ ಮಾತು ಬೇಡ. ವಾರ ಹೇಳು, ಗಂಟೆ ಹೇಳು.”

“ಮಂಗಳವಾರ ಆಂಟಿ. ಹತ್ತು ಗಂಟೆಗೆ.”

“ನನ್ನ ಪ್ಯಾಂಟು?”

“ಬುಧವಾರ ಸಾರ್. ನಾನು ಹಾಕ್ಕೊಂಡಿರೋದೂ ನಿಮ್ದೇ, ಒಗೆದು ಕೊಡ್ತೀನಿ.”

“ಕೋಟು ಗುರುವೇ? ಬೇಗ ಹೇಳು, ತಮ್ಮನ ಮಗನ ಮದುವೆಗಾದ್ರೂ ಹಾಕ್ಬೇಕು.”

“ಶನಿವಾರ! ಸ್ವಲ್ಪ ಪಕ್ಕಕ್ಕೆ ಸರೀರಪ್ಪಾ, ಅವಳು ಗೋಡೆ ಹತ್ತಿರ ಬಂದಳು, ಅವಳಿಗೆ ನಾನು ಕಾಣ್ಬೇಕು!”

ಮೂವರೂ ತಟ್ಟನೆ ಸರಿದರು. ಗುಂಡುಸೂಜಿ ಗೋಡೆಯ ತುದಿಯಲ್ಲಿ ಕುಳಿತಿದ್ದಳು. ಅಷ್ಟು ಎತ್ತರದಲ್ಲಿ ತುಂಬ ಪುಟ್ಟಗೆ ಕಾಣುತ್ತಿದ್ದಳು. ಕೆಳಗೆ ನೋಡಿದಳು, ಹೆದರಿದಳು. ಕತ್ತು ತಿರುಗಿಸಿ ಕುರ್ಚಿಗಳ ಸಾಲಿನಲ್ಲಿ ಒಂದೊಂದಾಗಿ ಹುಡುಕಿದಳು. ದರ್ಜಿ ಎರಡೂ ಕೈ ಎತ್ತಿ ಬೀಸಿದ. ಅವಳು ಧುಮುಕಿದಳು. ಎದ್ದು, ಹೊಂಡಕ್ಕಿಳಿದು, ಕುತ್ತಿಗೆಯವರೆಗೆ ಕೆಸರಾಗಿ, ಐವತ್ತೆಂಟನೆಯವಳಾಗಿ ಕೊನೆಯ ಗೆರೆ ದಾಟಿದಳು.

ನೀಲಿ ಟೋಪಿಯವಳು ಪಟ್ಟಿಯಲ್ಲಿ ಗುರುತು ಹಾಕಿದಳು. “ನಲವತ್ತೊಂದು, ಮುಗೀತು. ಈಗ ನೀವು ಏಳಬಹುದು ಸರ್.”

ಆ ಮಾತು ದರ್ಜಿಯ ಕಿವಿಗೆ ಜೇನಿನಂತೆ ಬಿತ್ತು. ಕುರ್ಚಿಯ ತೋಳು ಹಿಡಿದು, ಉಸಿರು ಬಿಗಿಹಿಡಿದು, ಇನ್ನೇನು ಏಳಬೇಕು. ಅಷ್ಟರಲ್ಲಿ ಕೆಸರಿನ ಮುದ್ದೆಯೊಂದು ಓಡಿಬಂದು ಅವನ ತೊಡೆಯ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಕುಳಿತು, ಕೊರಳಿಗೆ ಕೈ ಹಾಕಿತು.

“ಪ್ರತೀ ಸಲ ನೋಡಿದಾಗ್ಲೂ ಇದ್ದೆ ಅಪ್ಪ ನೀನು!”

ದರ್ಜಿಯ ಬಾಯಿ ತೆರೆಯಿತು, ಕೂಗು ಹೊರಗೆ ಬರಲಿಲ್ಲ.

“ಸುಸ್ತಾಗಿದೆ ಅಪ್ಪ” ಎಂದಳು ಅವಳು, ತಲೆಯನ್ನು ಅವನ ಹೆಗಲಿಗೊರಗಿಸಿ. “ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರೋಣ್ವಾ?”

“ಹೂಂ, ಕೂತಿರೋಣ” ಎಂದ ದರ್ಜಿ.