ಮಾವ ಕಿವಿಗಿಟ್ಟು ಅಲ್ಲಾಡಿಸಿದ ಲ್ಯಾಪ್‌ಟಾಪ್

ನಮ್ಮ ಸೋದರಮಾವ ತಮ್ಮ ನೆರಳನ್ನೂ ನಂಬುವುದಿಲ್ಲ ಎಂದು ಊರವರು ಹೇಳುವುದು ಶುದ್ಧ ಸುಳ್ಳು. ನಂಬುತ್ತಾರೆ, ನಡುಮಧ್ಯಾಹ್ನ ಮಾತ್ರ. ಆಗ ಅದು ಕಾಲಡಿಯಲ್ಲೇ ಬಿದ್ದಿರುತ್ತದೆ, ಎಲ್ಲಿಗೂ ಓಡಿಹೋಗಲಾರದು! ಸಂಜೆ ಅದು ಉದ್ದವಾಗತೊಡಗಿತೋ, ಒಮ್ಮೆ ಹಿಂತಿರುಗಿ ನೋಡಿಯೇ ಮಾವ ಮುಂದಿನ ಹೆಜ್ಜೆ ಇಡುವುದು.

ಮಾವ ಮರಳವಾಡಿಯಲ್ಲಿ ರೇಷ್ಮೆ ಹುಳು ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುವವರು. ತಕ್ಕಡಿಯ ಮೇಲೊಂದು ಕಣ್ಣು, ತೂಗುವವನ ಮೇಲೊಂದು ಕಣ್ಣು ಇಟ್ಟು ಅಭ್ಯಾಸವಾದವರಿಗೆ ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುವುದಿಲ್ಲ. ಚನ್ನಪಟ್ಟಣದ ಒಂದು ಮದುವೆಯಲ್ಲಿ ಚಪ್ಪಲಿ ಕದಿಯುತ್ತಾರೆಂದು ಒಂದನ್ನು ಛತ್ರದ ಮುಂಬಾಗಿಲಲ್ಲೂ ಇನ್ನೊಂದನ್ನು ಅಡುಗೆಮನೆಯ ಹಿಂದೆಯೂ ಬಿಟ್ಟಿದ್ದರು. ಕಳ್ಳನಿಗೆ ಜೋಡಿ ಸಿಗಲಿಲ್ಲ, ನಿಜ. ಊಟ ಮುಗಿಸಿ ಬಂದ ಮಾವನಿಗೂ ಸಿಗಲಿಲ್ಲ. ಅಡುಗೆಯವರು ಒಂಟಿ ಚಪ್ಪಲಿಯನ್ನು ಕಸವೆಂದು ಎಸೆದಿದ್ದರು.

ಇಂಥವರ ಕೈಯಲ್ಲಿ ನನ್ನ ಲ್ಯಾಪ್‌ಟಾಪಿನ ಹಣೆಬರಹ ಸಿಕ್ಕಿಕೊಂಡಿತು. ನಾನು ಕನಕಪುರದಿಂದ ದಿನಾ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕೋರ್ಸು ಓದುತ್ತಿದ್ದೆ. ತಿಂಗಳ ಕೊನೆಯೊಳಗೆ ಸ್ವಂತ ಯಂತ್ರ ತರದವರು ಮುಂದಿನ ಹಂತಕ್ಕೆ ಬರುವಂತಿಲ್ಲ ಎಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ನನ್ನ ಕೆಲಸ ಎಳೆಯುವಂಥ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಕಲ್ಲುಚಪ್ಪಡಿಯ ಭಾರ. ನನ್ನ ಎಡ ಹೆಗಲೋ, ಹಿಂದೆ ಹಾರೋಹಳ್ಳಿಯಲ್ಲಿ ಬಸ್ಸಿಳಿಯುವಾಗ ಬಿದ್ದು ಮೂಳೆ ಮುರಿದು, ಒಳಗೆ ಪ್ಲೇಟು ಹಾಕಿಸಿಕೊಂಡಿದ್ದು. ಬಲಗೈ ಬಸ್ಸಿನ ಕಂಬಿಗೆ ಬೇಕು, ಆದ್ದರಿಂದ ಬ್ಯಾಗು ಎಡಕ್ಕೇ. ಯಂತ್ರಕ್ಕೆ ಶಕ್ತಿಯೂ ಇರಬೇಕು, ಹಗುರವೂ ಆಗಿರಬೇಕು. ಅಮ್ಮ ಒಂದೇ ಮಾತು ಹೇಳಿದಳು: "ನಿಮ್ ಮಾವ ಮುಟ್ಟಿ ನೋಡ್ದೆ ಈ ಮನೆಗೆ ಸೌಟೂ ಬಂದಿಲ್ಲ."

ಸರಿ, ರಾಮನಗರದ ಅಂಗಡಿಗೆ ಹೋದೆವು. ಅಂಗಡಿಯ ಸಾಬರು ಮೂರು ಯಂತ್ರಗಳನ್ನು ಮುಂದಿಟ್ಟರು: ಒಂದು ಹಗುರ, ಒಂದು ಭಾರ, ಒಂದು ನಡುವಿನದು. ನಾನು ಪ್ರೊಸೆಸರು, ಗ್ರಾಫಿಕ್ಸು ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಒಂದನ್ನು ಎತ್ತಿ ಕಿವಿಯ ಬಳಿ ಹಿಡಿದು ಗಡಗಡ ಅಲ್ಲಾಡಿಸಿಬಿಟ್ಟರು! ನನ್ನ ಜೀವ ಬಾಯಿಗೆ ಬಂತು. ಅವರದು ಗೂಡು ನೋಡುವ ಕ್ರಮ. ಗೂಡನ್ನು ಕಿವಿಗಿಟ್ಟು ಅಲ್ಲಾಡಿಸಿದರೆ ಒಳಗಿನ ಹುಳು ಸದ್ದು ಮಾಡಬೇಕು. ಮಾಡದಿದ್ದರೆ ಸತ್ತು, ಕರಗಿ, ಒಳಗೇ ಮೆತ್ತಿಕೊಂಡಿದೆ ಎಂದರ್ಥ.

"ಸದ್ದೇ ಇಲ್ಲ. ಹುಳ ಒಳಗೇ ಅಂಟ್ಕಂಡೈತೆ. ಬ್ಯಾಡ," ಎಂದರು ಮಾವ.

ಸಾಬರ ಮನೆಯವರು ಹಿಂದೆ ರೇಷ್ಮೆ ನೂಲು ಬಿಚ್ಚುತ್ತಿದ್ದವರಂತೆ. ಸಾಬರು ಒಂಚೂರೂ ಬೆಚ್ಚಲಿಲ್ಲ. "ಮಾವಾರೆ, ಇದ್ರಲ್ಲಿ ಸದ್ದು ಬಂದ್ರೆ ನಾನೇ ಕಂಪ್ನಿಗೆ ವಾಪಸ್ ಕಳಿಸ್ತೀನಿ. ಕೆಳಗಿಡಿ," ಎಂದರು.

ಹಗುರವಾದದ್ದನ್ನು ಅಂಗೈ ಮೇಲಿಟ್ಟು ತೂಗಿದ ಮಾವ "ಇದ್ರಲ್ಲಿ ನೂಲಿಲ್ಲ, ಬರೀ ಸಿಪ್ಪೆ," ಎಂದರು. ಭಾರದ್ದನ್ನು ಎತ್ತಿ "ಇದು ಒದ್ದೆ ಗೂಡು, ತೂಕ ಬರ್ಲಿ ಅಂತ ನೀರು ಚಿಮುಕ್ಸವ್ರೆ," ಎಂದರು. ಹಗುರವಾದರೆ ಪೊಳ್ಳು, ಭಾರವಾದರೆ ಮೋಸ! ಇನ್ನು ಯಾವ ಕಂಪನಿಯವನು ತಾನೇ ಈ ಮನುಷ್ಯನನ್ನು ಮೆಚ್ಚಿಸಬಲ್ಲ? ನನ್ನ ಆಟವನ್ನು ಓಡಿಸಿ ನೋಡಿದೆವು. ಹಗುರವಾದದ್ದು ಏದುಸಿರು ಬಿಟ್ಟು ನಿಂತೇಹೋಯಿತು. ಭಾರದ್ದು ಲೀಲಾಜಾಲವಾಗಿ ಓಡಿತು. ನಡುವಿನದು ಒಸಿ ನಿಧಾನವಾದರೂ ಕೆಲಸ ಕೆಡಿಸಲಿಲ್ಲ. ಆದರೆ ಪಕ್ಕದ ಕಿಂಡಿಯಿಂದ ಬಿಸಿಗಾಳಿ ಬಂತು. ಮಾವ ಅಲ್ಲಿ ಕೈಯೊಡ್ಡಿ "ಹುಳದ ಮನೇಲಿ ಇಷ್ಟು ಕಾವಿದ್ರೆ ಬೆಳೆನೇ ಹೋಯ್ತು," ಎಂದು ತಲೆಯಾಡಿಸಿದರು.

ಕಡೆಗೆ ಚೀಲದಿಂದ ತಮ್ಮದೇ ತೂಗುಮಾಪಕ ತೆಗೆದರು. ಅಂಗಡಿಯ ತಕ್ಕಡಿಯನ್ನು ನಂಬಲಾದೀತೆ? ಮೂರನ್ನೂ ಒಂದೊಂದಾಗಿ ಅದೇ ಚೀಲದಲ್ಲಿಟ್ಟು ಕೊಕ್ಕೆಗೆ ನೇತುಹಾಕಿ ತೂಗಿ, ಸಾಬರನ್ನು ದುರುಗುಟ್ಟಿ ನೋಡುತ್ತ "ಇದ್ರ ಮರಿ ಎಲ್ಲಿ?" ಎಂದರು. ಮರಿ ಎಂದರೆ ಚಾರ್ಜರು. ಇಟ್ಟಿಗೆಯಂಥ ಅವನ್ನೂ ತೂಗಿದರು. ಆಮೇಲೆ "ಯೋಚ್ನೆ ಮಾಡಿ ಯೋಳ್ತೀನಿ," ಎಂದವರೇ ಮೆಟ್ಟಿಲಿಳಿದುಬಿಟ್ಟರು.

ಅಲ್ಲಿಗೆ ಮಾವ ಮಾಯ. ತಿಂಗಳು ಮುಗಿಯುತ್ತ ಬಂತು. ಫೋನ್ ಮಾಡಿದರೆ ಅತ್ತೆ "ಬೆಳಗ್ಗೇನೇ ಬೆಂಗ್ಳೂರ್ಗೆ ಹೋದ್ರು ಕಣವ್ವ," ಎನ್ನುತ್ತಿದ್ದರು. ಮಾರನೆಯ ದಿನವೂ ಅದೇ ಉತ್ತರ. ಬೆಂಗಳೂರಿನ ನೀರನ್ನೂ ನಂಬದೆ ಮನೆಯಿಂದ ಬಾಟಲಿ ಒಯ್ಯುವ ಮನುಷ್ಯನಿಗೆ ಅಲ್ಲಿ ದಿನಾ ಏನು ಕೆಲಸ? ಅನುಮಾನವೆಂಬುದು ನಮ್ಮ ವಂಶದ ಆಸ್ತಿ ನೋಡಿ, ನಮಗೂ ಪಾಲು ಬಂದಿದೆ. ಅಮ್ಮ ಮಾವನ ಮೇಲೆ ಬೇರೆಯೇ ಥರದ ಗುಮಾನಿಪಟ್ಟು, ಅತ್ತೆಯ ಮುಖ ನೆನೆದು ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಖಾತ್ರಿಯಾಗಿತ್ತು: ಹೆಣ್ಣು ಹುಡುಗಿಗೆ ಆಟ ಕಟ್ಟುವ ಓದೇಕೆ ಎಂದು ಮಾವ ಬೇಕಂತಲೇ ದಿನ ತಳ್ಳುತ್ತಿದ್ದಾರೆ. ಸಿಟ್ಟಿನಲ್ಲಿ ಅವರಿಗೆ ಫೋನ್ ಮಾಡುವುದನ್ನೇ ನಿಲ್ಲಿಸಿದೆ.

ಒಂದು ಬೆಳಗ್ಗೆ ನನ್ನ ಮಾಮೂಲಿ ಬಸ್ಸು ತಪ್ಪಿ, ಅದರ ಹಿಂದೆ ಬಂದ ಬಸ್ಸಿಗೆ ಹಿಂಬಾಗಿಲಿನಿಂದ ಹತ್ತಿದೆ. ಮುಂದುಗಡೆ ಮಾವ! ಕಂಬಿ ಹಿಡಿದು ನಿಂತಿದ್ದಾರೆ, ಎಡ ಹೆಗಲಿಗೆ ಕಾಲೇಜು ಹುಡುಗರಂಥ ಬ್ಯಾಗು. ಪಕ್ಕದ ಸೀಟು ಖಾಲಿ. ನಾನು ಒಬ್ಬ ದಪ್ಪನೆಯ ಪ್ರಯಾಣಿಕನ ಹಿಂದೆ ಅಡಗಿ ನಿಂತೆ.

ಕಂಡಕ್ಟರ್ ಹೋಗಿ "ಏನ್ ಯಜಮಾನ್ರೆ, ದಿನಾ ನೋಡ್ತಿವ್ನಿ, ಸೀಟ್ ಇದ್ರೂ ನಿಂತ್ಕಂಡೇ ಬತ್ತೀರಲ್ಲ. ಆ ಬ್ಯಾಗ್ನಲ್ಲಿ ಏನೈತೆ?" ಎಂದ.

"ಲ್ಯಾಪ್‌ಟಾಪು."

ಕಂಡಕ್ಟರಿಗೂ ಅನುಮಾನ ಬಂದಿರಬೇಕು. ಜಿಪ್ಪು ಎಳೆದು ನೋಡಿದ. "ರಾಗಿ ಐತಲ್ರೀ ಇದ್ರಲ್ಲಿ."

"ತೂಕ ಒಂದೇ ಕಣಪ್ಪ, ಮರಿ ಸೇರ್ಸಿ," ಎಂದರು ಮಾವ.

"ಅದ್ಸರಿ, ಕೂತ್ಕಂಡು ಹೊತ್ಕಳಿ."

"ನಮ್ ಹುಡ್ಗೀಗೆ ದಿನಾ ಸೀಟ್ ಸಿಕ್ತದಾ?"

ನನಗೆ ಅಡಗಿ ನಿಲ್ಲಲಾಗಲಿಲ್ಲ. ಸರಸರನೆ ಮುಂದೆ ಹೋದೆ. ಮಾವನಿಗೆ ನನ್ನನ್ನು ಕಂಡು ಸಂತೋಷವೇನೂ ಆಗಲಿಲ್ಲ. "ಹಿಂದಿಂದೆ ಬಂದ್ಬುಟ್ಯಾ? ಯಾರ್ ಕಳ್ಸುದ್ರು?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು. "ಮೊದ್ಲು ಭಾರದ್ದು ಹೊತ್ನೋಡ್ದೆ. ಕನಕಪುರದಿಂದ ಹಾರೋಹಳ್ಳಿಗಂಟ ಏನೂ ಅನ್ಸಲ್ಲ. ಆಮೇಕೆ ಮೂಳೆ ಹಿಡ್ಕತದೆ. ನನಗೇ ಹಂಗಾದ್ರೆ ಪ್ಲೇಟ್ ಹಾಕ್ಸಿರೋ ನಿಂಗೆ? ಇದು ನಡುವಿಂದು. ಇದ್ರಲ್ಲಿ ನಿನ್ ಕೆಲ್ಸ ನಡೀತದೆ ತಾನೆ? ಇದೇ ತಗಳಾಣ. ಮರಿ ಎರಡು ತಗಳಾಣ, ಒಂದು ಕಾಲೇಜಲ್ಲೇ ಇರ್ಲಿ. ಅಲ್ಲಿ ಬೀಗ ಐತಾ?"

ಇದೆ ಎಂದೆ. ಬ್ಯಾಗನ್ನು ಅವರ ಹೆಗಲಿನಿಂದ ಇಳಿಸಿ ನನ್ನ ಎಡ ಹೆಗಲಿಗೆ ಹಾಕಿಕೊಂಡೆ. ಹಿತವಾಗಿಯೇ ಇತ್ತು. ಇವರ ಬಗ್ಗೆ ಏನೆಲ್ಲ ಅಂದುಕೊಂಡಿದ್ದೆನಲ್ಲ ಎನಿಸಿ ಬಸ್ಸಿನ ನಡುವೆಯೇ ಅಳು ಬಂದುಬಿಟ್ಟಿತು.

ಮಾವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಯಾಕಳ್ತೀಯ? ನಿಜ ಯೋಳು, ನೋಯ್ತಾ ಐತಾ?"

"ಇಲ್ಲ ಮಾವ, ಖಂಡಿತ ಇಲ್ಲ," ಎಂದೆ.

ಅವರು ನಂಬಲಿಲ್ಲ. ಬ್ಯಾಗನ್ನು ಮತ್ತೆ ತಮ್ಮ ಹೆಗಲಿಗೇ ಏರಿಸಿಕೊಂಡು, ಬೆಂಗಳೂರಿನವರೆಗೂ ನಿಂತೇ ಬಂದರು.