ನನ್ನ ಹನಿಮೂನಿಗೆ ನಾನು ಹೋಗದ ಸಂಗತಿ

ಹನಿಮೂನ್ ಎಂಬ ಮಾತು ಕಿವಿಗೆ ಬಿದ್ದರೆ ಬೇರೆಯವರಿಗೆ ಏನೇನು ಆಗುತ್ತದೋ ನಾನರಿಯೆ, ನನಗಂತೂ ಮೈ ಉರಿಯುತ್ತದೆ. ಇದಕ್ಕೆ ನನ್ನ ಸ್ವಭಾವಕ್ಕಿಂತ ನಮ್ಮೂರು ಕಾರಣ. ಗುಂಡ್ಲುಪೇಟೆಯಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಬೇಕರಿ ಇದೆ. ಊಟಿಗೆ ಹೋಗುವ ಹೊಸ ಜೋಡಿಗಳೆಲ್ಲ ನಮ್ಮೂರನ್ನು ದಾಟಿಯೇ ಹೋಗಬೇಕು. ವಯನಾಡಿಗೆ ಹೋಗುವವರಿಗೂ ಬೇರೆ ದಾರಿ ದೂರ. ಅವರು ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸುತ್ತಾರೆ, ಒಂದೇ ಟೀ ತೆಗೆದುಕೊಂಡು ಇಬ್ಬರೂ ಕುಡಿಯುತ್ತಾರೆ, ಯಾರದೋ ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಾರೆ, ಹೊಲದವನ ಕೈಲಿ ಬೈಸಿಕೊಂಡು ಬಂದು ನನ್ನ ಬಳಿ ನೀರಿನ ಬಾಟಲಿ ಕೇಳುತ್ತಾರೆ. ಕತ್ತಲಾದ ಮೇಲೆ ಬಂಡೀಪುರದ ಗೇಟು ಮುಚ್ಚಿತೆಂದು ಪರದಾಡುವವರಿಗೆ ಲಾಡ್ಜ್ ತೋರಿಸುವವನೂ ನಾನೇ. ಹೀಗೆ ನಾಡಿನವರ ಹನಿಮೂನಿಗೆಲ್ಲ ಬನ್ನು ಬೆಣ್ಣೆ ಒದಗಿಸಿದ ನನಗೆ, ನನ್ನ ಮದುವೆ ಆದಾಗ ಒಂದು ಹನಿಮೂನ್ ದಕ್ಕಬೇಕೋ ಬೇಡವೋ? ನೀವೇ ಹೇಳಿ.

ಊಟಿಗೆ ಹೋಗೋಣ ಎನ್ನುವ ಹಾಗಿರಲಿಲ್ಲ. ನಮ್ಮೂರಿನವರಿಗೆ ಊಟಿ ಎಂದರೆ ಕೊತ್ತಂಬರಿ ಸೊಪ್ಪು ಮಾರುವ ಜಾಗ. ಪಕ್ಕದ ಮನೆಯವನು ವಾರಕ್ಕೆರಡು ಸಲ ತರಕಾರಿ ಗಾಡಿ ಓಡಿಸಿಕೊಂಡು ಹೋಗುವ ಊರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಏನು ತೋರಿಸುವುದು? ಅದೂ ಅಲ್ಲದೆ ನನ್ನ ಹೆಂಡತಿ ಶೋಭಾ ಮದುವೆಗೆ ಮುಂಚೆಯೇ ಒಂದು ಆಸೆ ಹೇಳಿಕೊಂಡಿದ್ದಳು. ಅವಳ ತವರು ಉಮ್ಮತ್ತೂರು. ಚಾಮರಾಜನಗರದ ಒಂದು ಶಾಲೆಯಲ್ಲಿ ಟೀಚರು. ಶಾಲೆಯವರು ಪ್ರತಿ ವರ್ಷ ಮಕ್ಕಳನ್ನು ಬೆಂಗಳೂರಿನ ಆಚೆಯ ಒಂದು ದೊಡ್ಡ ಥೀಮ್ ಪಾರ್ಕಿಗೆ ಪ್ರವಾಸ ಕರೆದೊಯ್ಯುತ್ತಾರೆ. ಮಕ್ಕಳು ನೀರಿನಲ್ಲಿ ಜಾರುತ್ತಾ, ಆಕಾಶದಲ್ಲಿ ತಿರುಗುತ್ತಾ ಕಿರುಚಿಕೊಳ್ಳುವಾಗ ಟೀಚರಮ್ಮ ಕೆಳಗೆ ನಿಂತು ಅವರ ಚಪ್ಪಲಿ, ಚೀಲ, ಒದ್ದೆ ಟವಲು ಕಾಯಬೇಕು. "ಒಂದೇ ಒಂದು ಸಲವೂ ನಾನು ಹತ್ತಿಲ್ಲ ರೀ. ಅಲ್ಲೇ ಒಳಗೆ ಉಳಿಯೋಕೆ ರೂಮ್ ಇದಾವಂತೆ. ಒಂದು ವಾರ ಇರೋಣ. ಎಲ್ಲಾದನ್ನೂ ಎರಡೆರಡು ಸಲ ಹತ್ತೋಣ" ಎಂದಳು. ಹೀಗೆ ಕೇಳಿದ ಹೆಣ್ಣಿಗೆ ಇಲ್ಲ ಎನ್ನುವ ಗಂಡು ಇನ್ನೂ ಹುಟ್ಟಿಲ್ಲ. ಟಿಕೆಟ್ಟು, ರೂಮು ಎಲ್ಲ ನನಗೆ ಬಿಡು ಎಂದೆ. ನಾನು ಬೇಕರಿಯವನು, ಮುನ್ನೂರು ಜನರ ಮದುವೆಗೆ ಲಾಡು ಕಟ್ಟಿಸಿ ಕಳಿಸುವವನು, ಇಬ್ಬರನ್ನು ಒಂದು ಪಾರ್ಕಿಗೆ ಕಳಿಸುವುದು ಯಾವ ಮಹಾ ಕೆಲಸ ಎಂಬ ಗರ್ವ ನನಗಿತ್ತು.

ಮದುವೆಯಾದದ್ದು ಬೇಸಿಗೆ ರಜೆಯಲ್ಲಿ. ಪಾರ್ಕಿನ ರೂಮುಗಳೆಲ್ಲ ಭರ್ತಿ. ಅಲ್ಲೊಂದು ಇಲ್ಲೊಂದು ದಿನ ಖಾಲಿ ಸಿಕ್ಕಿದರೆ ನಮ್ಮವರು ಬಿಡಬೇಕಲ್ಲ! ಸೋಮವಾರ ಹೊರಡಬಾರದು. ಅಮಾವಾಸ್ಯೆ ಹಿಂದೆ ಮುಂದೆ ಬೇಡ. ಮೊದಲು ಮಾದಪ್ಪನ ಬೆಟ್ಟಕ್ಕೆ ಹೋಗಿ ಬರದೆ ಹೊಸ ಜೋಡಿ ಬೇರೆ ಕಡೆ ಕಾಲಿಡುವಂತಿಲ್ಲ. ಬೆಟ್ಟಕ್ಕೆ ಹೋಗಿ ಬಂದದ್ದಾಯಿತು, ಆಮೇಲೆ ನೆಂಟರ ಮನೆಯ ಊಟ ಶುರುವಾಯಿತು. ಬೇಗೂರಿನ ಅತ್ತೆಮ್ಮನ ಮನೆಯಲ್ಲಿ ಒಬ್ಬಟ್ಟು ತಿಂದರೆ ಭೀಮನಬೀಡಿನ ಚಿಕ್ಕಪ್ಪನ ಮನೆಯಲ್ಲೂ ತಿನ್ನಬೇಕು. ಒಬ್ಬರಲ್ಲಿ ಉಂಡು ಇನ್ನೊಬ್ಬರಲ್ಲಿ ಬಿಟ್ಟರೆ ಆ ಸಿಟ್ಟು ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಇಷ್ಟರ ನಡುವೆ ನಮ್ಮಪ್ಪನದು ಬೇರೆ ರಾಗ. "ಒಂದ್ವಾರ ಪೂರ್ತಿ ಜಾರ್ತಾನೇ ಇದ್ದೀರೇನ್ಲಾ? ಬ್ಯಾರೆ ಗೇಮೆ ಇಲ್ವಾ?" ಎಂದು ಜಗಲಿಯ ಮೇಲೆ ಕೂತು ದಿನಾ ಕೇಳುತ್ತಿದ್ದರು. ಜಾರುವುದು ಕೆಲಸವಲ್ಲ, ಸಂತೋಷ ಎಂದು ಹೇಳಿ ನೋಡಿದೆ. ಸಂತೋಷಕ್ಕೆ ಕೆರೆ ಏರಿ ಸಾಲದೇ ಎಂದರು.

ಕೊನೆಗೆ ನನಗೆ ರೋಷ ಬಂತು. ಯಾರನ್ನೂ ಕೇಳುವುದು ಬೇಡವೆಂದು ಒಂದು ಮಧ್ಯಾಹ್ನ ಗಲ್ಲಾದ ಮುಂದೆ ಕೂತು ಫೋನಿನಲ್ಲಿ ಜುಲೈ ತಿಂಗಳು ತೆರೆದೆ. ಏನಾಶ್ಚರ್ಯ! ರೂಮುಗಳೆಲ್ಲ ಖಾಲಿ. ಹನಿಮೂನ್ ಪ್ಯಾಕೇಜಿಗೆ ವಿಶೇಷ ರಿಯಾಯಿತಿ ಬೇರೆ. ಇಡೀ ಪ್ರಪಂಚ ಮಲಗಿರುವಾಗ ಎದ್ದ ಬುದ್ಧಿವಂತ ನಾನೊಬ್ಬನೇ ಎಂದು ಹಿಗ್ಗಿ, ಒಂದು ವಾರಕ್ಕೆ ಬುಕ್ ಮಾಡಿಬಿಟ್ಟೆ. ಒಮ್ಮೆ ಬುಕ್ ಮಾಡಿದರೆ ದುಡ್ಡು ವಾಪಸ್ಸಿಲ್ಲ, ಬೇಕಾದರೆ ಬರುವವರ ಹೆಸರು ಬದಲಾಯಿಸಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹನಿಮೂನಿಗೆ ಹೆಸರು ಬದಲಾಯಿಸುವ ಮೂರ್ಖ ಯಾವನಪ್ಪ ಎಂದು ನಕ್ಕಿದ್ದೂ ಉಂಟು. ಶೋಭಾಗೆ ಹೇಳಲಿಲ್ಲ. ಎಲ್ಲರ ಮುಂದೆ ಒಮ್ಮೆಲೇ ಹೇಳಿ ಬೆರಗುಗೊಳಿಸಬೇಕೆಂದಿದ್ದೆ.

ಹೇಳುವ ಸಂದರ್ಭ ಬೇಗನೆ ಬಂತು. ನಮ್ಮ ಮಾವ, ಅತ್ತೆ ಹಣ್ಣು ಹೂವು ಹಿಡಿದುಕೊಂಡು ಉಮ್ಮತ್ತೂರಿನಿಂದ ಬಂದರು. ಅತ್ತೆಗೂ ನಮ್ಮಮ್ಮನಿಗೂ ಮದುವೆಯ ದಿನದಿಂದ ಮಾತಿರಲಿಲ್ಲ. ಬೀಗಿತ್ತಿಯೆಂಬುದನ್ನೂ ನೋಡದೆ ನಮ್ಮಮ್ಮನನ್ನು ಎರಡನೇ ಪಂಕ್ತಿಯಲ್ಲಿ ಕೂರಿಸಿದ್ದರು, ಅಷ್ಟು ಹೊತ್ತಿಗೆ ಪಾಯಸದಲ್ಲಿ ಗೋಡಂಬಿ ಇರಲಿಲ್ಲ. ಆದ್ದರಿಂದ ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು, ಒಬ್ಬರು ಗೋಡೆ ನೋಡುತ್ತಾ ಇನ್ನೊಬ್ಬರು ಬಾಗಿಲು ನೋಡುತ್ತಾ ಇದ್ದರು. ಶೋಭಾ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಳು. "ಇದೇನು, ಇವಳನ್ನು ಕರ್ಕೊಂಡು ಹೊರಟಿರಾ? ಬೇಗ ಕಳಿಸಿಕೊಡಿ ಅತ್ತೆ, ಈ ತಿಂಗಳೇ ನಾವು ಪಾರ್ಕಿಗೆ ಹೊರಡಬೇಕು, ಎಲ್ಲ ಬುಕ್ ಆಗಿದೆ" ಎಂದು ಎದೆಯುಬ್ಬಿಸಿ ಹೇಳಿದೆ. ಬೀಗಿತ್ತಿಯರು ಮೊದಲ ಸಲ ಪರಸ್ಪರ ಮುಖ ನೋಡಿಕೊಂಡರು. "ಅಯ್ಯೋ ಶಿವ್ನೇ, ಆಸಾಡ ಕಣಪ್ಪಾ" ಎಂದರು ಅತ್ತೆ.

ಹೌದು, ಆಷಾಢ. ಹೊಸದಾಗಿ ಮದುವೆಯಾದವರ ಮೊದಲ ಆಷಾಢ. ಹುಡುಗಿ ತವರಿನಲ್ಲಿರಬೇಕು, ಹುಡುಗ ಅತ್ತೆ ಮನೆಯ ಹೊಸ್ತಿಲು ತುಳಿಯಬಾರದು. ನಾಡಿನ ಹೊಸ ಜೋಡಿಗಳೆಲ್ಲ ಬೇರೆ ಬೇರೆ ಮನೆಯಲ್ಲಿ ಕೂತಿರುವುದರಿಂದಲೇ ಆ ರೂಮುಗಳು ಖಾಲಿ ಬಿದ್ದಿದ್ದವು! ಬೇರೆ ಯಾರಿಗಾದರೂ ಮರೆತರೆ ಕ್ಷಮಿಸಬಹುದು. ಆಷಾಢ ಬಂದರೆ ನನ್ನ ಬೇಕರಿಗೆ ಒಂದು ಲಾಡಿನ ಆರ್ಡರೂ ಬರುವುದಿಲ್ಲ. ಪ್ರತಿ ವರ್ಷ ಆ ತಿಂಗಳು ನೊಣ ಹೊಡೆಯುತ್ತಾ ಕೂರುವವನು ನಾನು. ಆದರೂ ಸೋಲೊಪ್ಪಲಿಲ್ಲ. ಅತ್ತೆ ಸೊಸೆ, ಅತ್ತೆ ಅಳಿಯ ಒಂದೇ ಸೂರಿನಡಿ ಇರಬಾರದು ಎಂದು ತಾನೇ ಶಾಸ್ತ್ರ? ಪಾರ್ಕಿನಲ್ಲಿ ಅತ್ತೆಯೂ ಇಲ್ಲ, ಹೊಸ್ತಿಲೂ ಇಲ್ಲ, ಜಾರುಬಂಡೆಗೆ ಸೂರೇ ಇಲ್ಲ ಎಂದು ವಾದಿಸಿದೆ. "ರೂಮ್ಗೆ ಸೂರಿಲ್ವೇನ್ಲಾ?" ಎಂದು ಕೇಳಿ ಅಮ್ಮ ನನ್ನ ಬಾಯಿ ಮುಚ್ಚಿಸಿದರು. ಅತ್ತೆ ಹೂಂಗುಟ್ಟಿದರು. ನನ್ನ ವಿರುದ್ಧವಾದರೂ ಅವರಿಬ್ಬರೂ ಒಂದಾದರಲ್ಲ ಎಂದು ಸಂತೋಷಪಡುವ ಮನಸ್ಥಿತಿ ಆಗ ನನಗಿರಲಿಲ್ಲ. ಶೋಭಾ ಚೀಲದ ಜಿಪ್ ಎಳೆದಳು.

ಉಮ್ಮತ್ತೂರು ಸೇರಿದ ಮೇಲೆ ಅವಳೇ ಫೋನ್ ಮಾಡಿ, "ಸುಮ್ನೆ ಹಾಳಾಗೋದು ಬೇಡ, ಯಾರನ್ನಾದ್ರೂ ಕಳಿಸಿ" ಎಂದಳು. ಯಾರನ್ನು ಕಳಿಸುವುದು? ಹೊಸದಾಗಿ ಮದುವೆಯಾದ ನಮ್ಮ ನೆಂಟರೆಲ್ಲ ಆಷಾಢದ ಕೈದಿಗಳು. ಅಪ್ಪ ಅಮ್ಮನನ್ನು ಹೊರಡಿಸೋಣವೆಂದರೆ ಅಪ್ಪ, "ಹಸುಗೆ ಹುಲ್ಲಾಕೋರ್ಯಾರು? ನಾನ್ ಬರಕಿಲ್ಲ" ಎಂದು ಟವಲು ಕೊಡವಿ ಎದ್ದು ಹೋದರು. ಅತ್ತ ಮಾವನದೂ ಅದೇ ಮಾತು, ಅದೇ ಟವಲು. ಉಳಿದವರು ಇಬ್ಬರು ಅಮ್ಮಂದಿರು. ಬೀಗಿತ್ತಿಯ ಜೊತೆ ಒಂದು ವಾರವೇ ಎಂದು ನಮ್ಮಮ್ಮ ಮೂಗು ಮುರಿದರು. ಆದರೆ ಅತ್ತೆ ಒಪ್ಪಿದ್ದಾರಂತೆ ಎಂಬ ಸುದ್ದಿ ಬಂದದ್ದೇ ತಡ, "ಅವ್ರೊಬ್ರೇ ಓಗಿ ಮೆರ್ದಾಡ್ಲಿ ಅಂತ ಬುಟ್ಬುಡನಾ? ನಾನೂ ಓಯ್ತೀನಿ ಕಣ" ಎಂದು ಟ್ರಂಕು ಇಳಿಸಿದರು. ಅತ್ತೆಯೂ ಇದೇ ಕಾರಣಕ್ಕೆ ಒಪ್ಪಿದ್ದು ಎಂದು ಆಮೇಲೆ ತಿಳಿಯಿತು. ಹೀಗೆ ಒಬ್ಬರನ್ನೊಬ್ಬರು ಸುಖವಾಗಿರಲು ಬಿಡಬಾರದೆಂಬ ಏಕೈಕ ಉದ್ದೇಶದಿಂದ ಇಬ್ಬರೂ ನನ್ನ ಹನಿಮೂನಿಗೆ ಹೊರಟರು. ಹೆಸರು ಬದಲಾಯಿಸಿದ ಮೂರ್ಖ ನಾನೇ.

ಅವರು ತಲುಪಿದ ದಿನ ಪಾರ್ಕಿನಿಂದ ನನಗೆ ಫೋನ್ ಬಂತು. "ಸರ್, ಹನಿಮೂನ್ ರೂಮಿಗೆ ಇಬ್ಬರು ಅಮ್ಮಂದಿರು ಬಂದಿದ್ದಾರೆ, ಸರಿಯಾಗಿದೆಯಾ?" ಎಂದು ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು. ಸರಿಯಾಗಿದೆ ಎಂದು ಹಲ್ಲು ಕಚ್ಚಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅಮ್ಮನ ಫೋನು. "ಟವಲ್ಲ ಸುತ್ತಿ ಬಾತುಕೋಳಿ ಮಾಡಿ ಮಂಚದ ಮ್ಯಾಲೆ ಕೂರ್ಸವ್ರೆ ಕಣ್ಲಾ. ಬುಚ್ಚಿ ಮೈ ಒರ್ಸ್ಕಂಡೆ." ಹಾಸಿಗೆಯ ಮೇಲೆ ಚೆಲ್ಲಿದ್ದ ಗುಲಾಬಿ ಎಸಳನ್ನು ಅತ್ತೆ ಕವರಿಗೆ ತುಂಬಿಕೊಂಡು, ನಮ್ಮೂರ ಹೂವಿನ ಮುಂದೆ ಇದೊಂದು ಹೂವಾ ಎಂದು ಬೈದರಂತೆ. ಬೈದದ್ದನ್ನು ಅಮ್ಮ ಮೆಚ್ಚುಗೆಯಿಂದ ವರದಿ ಮಾಡಿದರು. ಗೋಡಂಬಿಯ ವಿಷಯ ಅಷ್ಟರಲ್ಲಿ ಹಿಂದೆ ಸರಿದಿತ್ತು.

ಮಾರನೇ ದಿನ ನನಗೆ ತಡೆಯಲಾಗಲಿಲ್ಲ. ಬೇಕರಿಯನ್ನು ಕೆಲಸದವರಿಗೆ ಒಪ್ಪಿಸಿ ಚಾಮರಾಜನಗರದ ಬಸ್ಸು ಹತ್ತಿದೆ. ಶೋಭಾಳ ಶಾಲೆ ಬಿಡುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಕದ್ದು ಸೇರಿದೆವು. ನೋಡಿ ಅನ್ಯಾಯವನ್ನ, ಊರಿನವರನ್ನೆಲ್ಲ ಕರೆದು ಮದುವೆಯಾದ ಹೆಂಡತಿಯ ಜೊತೆ ಮಸಾಲೆ ದೋಸೆ ತಿನ್ನಲು ನಾನು ಮೂಲೆಯ ಟೇಬಲ್ ಹುಡುಕಬೇಕಾಯಿತು. ದೋಸೆ ಬಂದಿತ್ತಷ್ಟೆ, ಅಮ್ಮನಿಂದ ವಿಡಿಯೊ ಕಾಲ್. ಶೋಭಾ ತಟ್ಟನೆ ಟೇಬಲಿನ ಕೆಳಗೆ ತಲೆ ತಗ್ಗಿಸಿದಳು. ಪರದೆಯ ಮೇಲೆ ಹಣೆತುಂಬ ವಿಭೂತಿ, ಮೈಮೇಲೆ ಪಾರ್ಕಿನವರು ಬಾಡಿಗೆಗೆ ಕೊಟ್ಟ ನೈಲಾನ್ ಬಟ್ಟೆ. "ಚಡ್ಡಿ ಆಕ್ಕಂಡಿವ್ನಿ ಕಣ್ಲಾ. ನಿಮ್ಮಪ್ಪಂಗೆ ಯೋಳ್ಬ್ಯಾಡ" ಎಂದರು ಅಮ್ಮ. ಪಕ್ಕದಲ್ಲಿ ಅದೇ ವೇಷದಲ್ಲಿದ್ದ ಅತ್ತೆ, "ಅಕ್ಕಾ, ಬನ್ನಿ ಅಕ್ಕಾ, ಇನ್ನೊಂದ್ಸಲ ಜಾರನ" ಎಂದು ಅವರ ಕೈ ಎಳೆಯುತ್ತಿದ್ದರು. ಫೋನನ್ನು ಯಾರದೋ ಕೈಗೆ ಕೊಟ್ಟು, ತೆಂಗಿನ ಮರದಷ್ಟು ಎತ್ತರದಿಂದ ಇಬ್ಬರೂ ಕೈ ಕೈ ಹಿಡಿದುಕೊಂಡು, "ಮಾದಪ್ಪಾ" ಎಂದು ಕೂಗುತ್ತಾ ನೀರಿಗೆ ಬಿದ್ದರು.

ಕಾಲ್ ಮುಗಿದ ಮೇಲೆ ಶೋಭಾ ಟೇಬಲಿನ ಕೆಳಗಿನಿಂದ ಎದ್ದಳು. ಅಲ್ಲಿಂದಲೇ ಇಣುಕಿ ಎಲ್ಲ ನೋಡಿದ್ದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ವರ್ಷಾ ವರ್ಷಾ ನಾನು ಅದರ ಕೆಳಗೇ ರೀ ನಿಂತ್ಕೊಳ್ತಿದ್ದದ್ದು" ಎಂದಳು. ನನಗೆ ಆಷಾಢದ ಮೇಲೆ, ಪಾರ್ಕಿನ ಮೇಲೆ, ಪಂಚಾಂಗ ನೋಡದ ನನ್ನ ಮೇಲೆ ಎಲ್ಲದರ ಮೇಲೂ ಕೋಪ ಉಕ್ಕಿ ಬಂತು. ಶ್ರಾವಣ ಬರುತ್ತಿದ್ದಂತೆ ನಿನ್ನನ್ನು ಅದೇ ಪಾರ್ಕಿಗೆ, ಅದೇ ರೂಮಿಗೆ ಕರೆದೊಯ್ಯದಿದ್ದರೆ ನನ್ನ ಹೆಸರು ಬದಲಾಯಿಸು ಎಂದು ಟೇಬಲ್ ಕುಟ್ಟಿದೆ. ಚಟ್ನಿ ಚೆಲ್ಲಿ ಸಪ್ಲೈಯರ್ ಬೈದ.

ಅಮ್ಮಂದಿರು ಬಂದರು. ಬಂದವರು ತಂತಮ್ಮ ಮನೆ ಸೇರಿದರೂ ದಿನಾ ಫೋನಿನಲ್ಲಿ ಒಟ್ಟಿಗೇ ಇದ್ದರು. ಆಷಾಢ ಕಳೆದು ಶೋಭಾ ಗುಂಡ್ಲುಪೇಟೆಗೆ ಬಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪಾರ್ಕಿಗೆ ಫೋನ್ ಮಾಡಿ ಹನಿಮೂನ್ ಪ್ಯಾಕೇಜ್ ಕೇಳಿದೆ. ಹುಡುಗಿ ನನ್ನ ನಂಬರ್ ಕೇಳಿ ಕಂಪ್ಯೂಟರ್ ನೋಡಿ, "ಸರ್, ಈ ಪ್ಯಾಕೇಜ್ ಒಬ್ಬರಿಗೆ ಒಂದೇ ಸಲ. ನಿಮ್ಮ ಹನಿಮೂನ್ ಆಗಿದೆ" ಎಂದಳು. ಆಗಿಲ್ಲಮ್ಮ ಎಂದೆ. "ಆಗಿದೆ ಸರ್, ತುಂಬಾ ಖುಷಿಯಾಯ್ತು ಅಂತಾನೂ ಹೇಳಿ ಹೋಗಿದ್ದೀರಿ" ಎಂದಳು. ಆಗಿದ್ದು ನನಗಲ್ಲ, ನಮ್ಮಮ್ಮನಿಗೆ ಎಂದು ಹೇಗೆ ತಾನೆ ಹೇಳಲಿ? ಬಾಯಿ ಬಿಡುವ ಮೊದಲೇ ಶೋಭಾ ಫೋನ್ ಕಿತ್ತುಕೊಂಡಳು. "ಹನಿಮೂನ್ ರೂಮ್ ಬೇಡ ಮೇಡಂ, ಮಾಮೂಲಿ ರೂಮ್ ಕೊಡಿ. ನನಗೆ ಜಾರೋದು ಮುಖ್ಯ" ಎಂದು ಒಂದು ವಾರಕ್ಕೆ ಗೊತ್ತು ಮಾಡಿಯೇ ಬಿಟ್ಟಳು. ನಾನು ತಿಂಗಳುಗಟ್ಟಲೆ ಒದ್ದಾಡಿದ ಕೆಲಸ ಟೀ ಆರುವಷ್ಟರಲ್ಲಿ ಮುಗಿಯಿತು.

ಫೋನ್ ಇಡುವ ಮುನ್ನ ಆ ಹುಡುಗಿ, "ಇನ್ನೊಂದು ವಿಷಯವೂ ಇಲ್ಲಿ ಬರೆದಿದೆ ಮೇಡಂ. ಆ ಪ್ಯಾಕೇಜಲ್ಲಿ ಬಂದಿದ್ದ ಅಮ್ಮಂದಿರು ಮುಂದಿನ ಆಷಾಢಕ್ಕೂ ಇದೇ ಜೋಡಿ ಬತ್ತೀವಿ, ರೂಮ್ ಮಡಗಿರಿ ಅಂದಿದ್ರು. ಈಗಲೇ ಬುಕ್ ಮಾಡಲಾ?" ಎಂದು ಕೇಳಿದಳು. ಶೋಭಾ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. "ಒಂದು ವಾರ ಅಮ್ಮಂದಿರಿಬ್ಬರೂ ಮನೇಲಿರಲ್ಲ" ಎಂದಳು ಮೆಲ್ಲಗೆ. ಮಾಡಿ, ಬೇಕಾದರೆ ಎರಡು ವಾರಕ್ಕೆ ಮಾಡಿ ಎಂದು ನಾನು ಕೂಗಿದ್ದು ಪಾರ್ಕಿಗೆ ಫೋನಿಲ್ಲದೆಯೂ ಕೇಳಿಸಿರಬೇಕು. ಆಷಾಢ ಯಾವಾಗ ಬರುತ್ತದೋ ಎಂದು ಪಂಚಾಂಗ ತಿರುವಿ ಹಾಕುತ್ತಾ ಕೂತಿರುವ ಬೇಕರಿಯವನು ಇಡೀ ತಾಲ್ಲೂಕಿನಲ್ಲಿ ಈಗ ನಾನೊಬ್ಬನೇ.